ಕೌದಿ ಹೋಯಿತು ದಾನಕ್ಕೆ, ಲಾರಿ ಬಾಡಿಗೆ ಯಾರ ಲೆಕ್ಕಕ್ಕೆ?

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರು ಎಂಬುದು ಹಳೆಯ ಗಾದೆ. ದಾನ ಪಡೆದವರನ್ನು ಆಡಿಕೊಳ್ಳುವ ಗಾದೆ ಅದು. ಆದಾಯ ತೆರಿಗೆ ಖಾತೆಯ ಕಥೆಯೇ ಬೇರೆ. ದಾನಕ್ಕೆ ಕೊಟ್ಟ ದಟ್ಟಿಗೆ ಮೊಳ ಹಾಕಲು ಅದು ಒಪ್ಪುವುದೇ ಇಲ್ಲ. ಕೊಟ್ಟದ್ದು ದಟ್ಟಿಯೋ, ಕೌದಿಯೋ, ಹಿತ್ತಾಳೆ ಕೊಡವೋ, ಅದಕ್ಕೆ ಲೆಕ್ಕವಿಲ್ಲ. ಅದನ್ನು ಹೊತ್ತು ಹೋದ ಲಾರಿಯ ಬಾಡಿಗೆಗೂ ಲೆಕ್ಕವಿಲ್ಲ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲೂಕುಗಳ ಜನಕ್ಕೆ ಇದು ಬರೀ ಕಾಯ್ದೆ ಪುಸ್ತಕದ ಮಾತಲ್ಲ. ಕೃಷ್ಣೆ, ದೂಧಗಂಗೆ, ವೇದಗಂಗೆ ಮೈತುಂಬಿ ಬಂದಾಗಲೆಲ್ಲ ಇದು ಮನೆ ಬಾಗಿಲಿಗೆ ಬರುವ ಪ್ರಶ್ನೆ. 2005ರಲ್ಲಿ ಬಂತು. 2019ರ ಆಗಸ್ಟಿನಲ್ಲಿ ಬಂತು. 2021ರ ಜುಲೈನಲ್ಲಿ ಮತ್ತೆ ಬಂತು. ನಿಪ್ಪಾಣಿ ಹತ್ತಿರ ಯಮಗರ್ಣಿಯಲ್ಲಿ ವೇದಗಂಗೆಯ ನೀರು ಹೆದ್ದಾರಿಯನ್ನೇ ನುಂಗಿ, ಪುಣೆ–ಬೆಂಗಳೂರು ರಸ್ತೆಯಲ್ಲಿ ಲಾರಿಗಳು ಸಾಲುಗಟ್ಟಿ ನಿಂತದ್ದನ್ನು ಮರೆತವರಿಲ್ಲ. ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಅಕ್ಕೋಳ–ಸಿದ್ನಾಳ ಸೇತುವೆಗಳು ಮುಳುಗುವುದು ಮಳೆಗಾಲದ ವಾಡಿಕೆ. ಮಹಾಪೂರ ಬಂದರೆ ಕುಡಚಿ–ಉಗಾರ ಸೇತುವೆಯೂ ಉಳಿಯದು.

ನೀರು ಇಳಿದ ಮೇಲೆ ಶುರುವಾಗುವುದು ಸಾಮಾನಿನ ಮೆರವಣಿಗೆ. ಹಾಸಿಗೆ, ಚಾದರ, ತಾಡಪತ್ರಿ, ಬಾಂಡೆ, ಬಕೀಟು, ಸೀರೆ, ಶಾಲೆ ಮಕ್ಕಳ ಪಾಟೀಚೀಲ. ಟೆಂಪೋ, ಟ್ರ್ಯಾಕ್ಟರು, ಲಾರಿ, ಸಿಕ್ಕ ಗಾಡಿಯ ಮೇಲೆ ಹೇರಿಕೊಂಡು ಜನ ಹೊಳೆದಂಡೆಯ ಊರುಗಳಿಗೆ ಹೋಗುತ್ತಾರೆ. ಕೊಡುವವರಿಗೆ ಆ ಹೊತ್ತಿನಲ್ಲಿ ತೆರಿಗೆಯ ನೆನಪಿರುವುದಿಲ್ಲ, ಇರಲೂಬಾರದು. ನೆನಪಾಗುವುದು ಮಾರ್ಚ್ ತಿಂಗಳಲ್ಲಿ, ತೆರಿಗೆ ಸಲಹೆಗಾರನ ಟೇಬಲ್ಲಿನ ಮುಂದೆ.

ಟೇಬಲ್ಲಿನ ಮುಂದಿನ ಮಾತು

ಆ ಮಾತುಕತೆ ಯಾವ ಊರಿನಲ್ಲಾದರೂ ಹೆಚ್ಚುಕಡಿಮೆ ಹೀಗೇ ಸಾಗುತ್ತದೆ.

“ಸಾಹೇಬ್ರ, ಹೊಳಿ ಬಂದಾಗ ನಾವು ಒಂದು ಲಾರಿ ತುಂಬ ಹಾಸಿಗಿ, ಬಾಂಡೆ ಕಳಿಸಿದ್ವಿ. ಲಾರಿ ಬಾಡಿಗಿ, ಹಮಾಲಿ ಎಲ್ಲಾ ನಾವ ಕೊಟ್ಟೇವಿ. ಪಾವತಿ ಐತಿ. ಟ್ಯಾಕ್ಸಿನ್ಯಾಗ ಏನರ ಬಿಡ್ತಾರೇನ್ರಿ?”

“ಏನೂ ಇಲ್ಲರಿ ಸಾವ್ಕಾರ್ರ.”

“ಸಾಮಾನಿಂದು ಹೋಗ್ಲಿ ಬಿಡ್ರಿ, ಮನ್ಯಾಗ ಇದ್ದದ್ದು. ಬಾಡಿಗಿ ಅಂತೂ ಎಣಿಸಿ ರೊಕ್ಕಾ ಕೊಟ್ಟದ್ದಲ್ಲರಿ?”

“ರೊಕ್ಕಾ ಕೊಟ್ಟದ್ದು ಲಾರಿಯವಗ. ಸಂಸ್ಥಾಕ್ಕ ಅಲ್ಲ.”

ಸಾವುಕಾರರು ಚಹಾ ಕುಡಿದು ಎದ್ದು ಹೋಗುತ್ತಾರೆ. ಅವರು ದಾನ ಮಾಡಿದ್ದು ತೆರಿಗೆ ಉಳಿಸಲಿಕ್ಕಲ್ಲ. ಆದರೂ ಒಂದು ಮಾತು ಮನಸ್ಸಿನಲ್ಲಿ ಕೊರೆಯುತ್ತದೆ. ಅದೇ ರೊಕ್ಕವನ್ನು ಒಂದು ನಿಧಿಗೆ ಚೆಕ್ ಬರೆದು ಮನೆಯಲ್ಲಿ ಕುಳಿತವನಿಗೆ ರಿಯಾಯಿತಿ ಸಿಗುತ್ತದೆ. ಕೆಸರಿನಲ್ಲಿ ಲಾರಿ ನಡೆಸಿದವನಿಗೆ ಇಲ್ಲ. ಇದು ಯಾವ ನ್ಯಾಯ?

ಕಾಯ್ದೆ ಏನನ್ನುತ್ತದೆ?

1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ದಾನಕ್ಕೆ ರಿಯಾಯಿತಿ ಕೊಡುವ ಕಲಮು 80ಜಿ. ಎಲ್ಲರ ಬಾಯಲ್ಲೂ ಇರುವ ಸಂಖ್ಯೆ ಅದು. ಆದರೆ ಅದರ ಬಾಲದಲ್ಲಿ ಒಂದು ವಿವರಣೆ ಇದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. 1976ರ ಏಪ್ರಿಲ್ 1ರಿಂದ ಜಾರಿಗೆ ಬಂದ ಆ ವಿವರಣೆಯ ತಾತ್ಪರ್ಯ ಇಷ್ಟೇ: ದಾನ ಎಂದರೆ ಹಣ. ಹಣದ ರೂಪದಲ್ಲಿ ಕೊಡದ ದಾನಕ್ಕೆ ರಿಯಾಯಿತಿ ಇಲ್ಲ.

ಅದಕ್ಕೂ ಹಿಂದಿನ ವರ್ಷದ ಒಂದು ತಕರಾರು ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಶ್ರೀ ರಾಮವರ್ಮ ಎಂಬುವರ ಪ್ರಕರಣ ಅದು. ಅವರು ಕೊಟ್ಟಿದ್ದು ಕೌದಿ, ಬಾಂಡೆ ಅಲ್ಲ, ಬೆಲೆಬಾಳುವ ಕಂಪನಿ ಷೇರುಗಳು. 1991ರ ತೆರಿಗೆ ವರದಿಗಳಲ್ಲಿ ಪ್ರಕಟವಾದ ಆ ತೀರ್ಪಿನಲ್ಲಿ ಕೋರ್ಟು ಹೇಳಿದ್ದೂ ಇದೇ. ದಾನ ಹಣವಾಗಿಯೇ ಹೋಗಬೇಕು. ಪೇಟೆಯಲ್ಲಿ ದರ ಗೊತ್ತಿರುವ ಷೇರಿಗೇ ಈ ಗತಿಯಾದರೆ ಹಳೆಯ ಟ್ರಂಕಿನ ಪಾಡೇನು?

2025ರಲ್ಲಿ ಸಂಸತ್ತು ಹೊಸ ಆದಾಯ ತೆರಿಗೆ ಕಾಯ್ದೆಯನ್ನು ಒಪ್ಪಿತು. ಅದಕ್ಕೆ 2026ರ ಏಪ್ರಿಲ್ 1 ಜಾರಿಯ ದಿನ. ಅದರಲ್ಲಿ ಕಲಮುಗಳ ಸಂಖ್ಯೆ ಬದಲು, ಭಾಷೆ ಕೊಂಚ ಸರಳ. ಆದರೆ ದಾನ ಹಣವಾಗಿಯೇ ಇರಬೇಕೆಂಬ ತತ್ತ್ವ ಅಲ್ಲೂ ಹಾಗೇ ಉಳಿದಿದೆ.

ಹಣವಾದರೂ ಹೇಗೆ ಬೇಕಾದರೂ ಕೊಡುವಂತಿಲ್ಲ. 2017–18ನೇ ಸಾಲಿನಿಂದ 2,000 ರೂಪಾಯಿ ಮೀರಿದ ನಗದು ದಾನಕ್ಕೆ ರಿಯಾಯಿತಿ ಇಲ್ಲ. ಅದಕ್ಕೂ ಮೊದಲು ಈ ಮಿತಿ 10,000 ಇತ್ತು. ಚೆಕ್ಕೋ, ಬ್ಯಾಂಕ್ ವರ್ಗಾವಣೆಯೋ, ಫೋನಿನ ಪಾವತಿಯೋ ಆಗಬೇಕು. ಲಾರಿ ಚಾಲಕನ ಕೈಗೆ ಡಿಝೆಲ್ಲಿಗೆಂದು ಕೊಟ್ಟ ನೋಟು ಎರಡು ಕಾರಣಕ್ಕೆ ಲೆಕ್ಕಕ್ಕೆ ಬರುವುದಿಲ್ಲ. ಒಂದು, ಅದು ಸಂಸ್ಥೆಗೆ ಹೋಗಲಿಲ್ಲ. ಎರಡು, ಅದು ನಗದು.

ಇಪ್ಪತ್ತು ಸಾವಿರದ ಲೆಕ್ಕ

ಒಂದು ಉದಾಹರಣೆ ಹಾಕಿ ನೋಡಿದರೆ ಸಂಗತಿ ಬಿಚ್ಚಿಕೊಳ್ಳುತ್ತದೆ. ನಿಪ್ಪಾಣಿಯಲ್ಲಿ ತಂಬಾಕು ವ್ಯಾಪಾರದ ಒಂದು ಪಾಲುದಾರಿಕೆ ಸಂಸ್ಥೆ ಇದೆ ಎಂದುಕೊಳ್ಳೋಣ. ಪಾಲುದಾರಿಕೆಗೆ ತೆರಿಗೆ ದರ ಶೇಕಡಾ 30, ಅದರ ಮೇಲೆ ಶೇಕಡಾ 4 ಸೆಸ್. ಅದು ನೆರೆ ಪರಿಹಾರಕ್ಕೆ 20,000 ರೂಪಾಯಿ ಖರ್ಚು ಮಾಡಿತು.

ಆ ರೊಕ್ಕವನ್ನು ಮುಖ್ಯಮಂತ್ರಿ ಪರಿಹಾರ ನಿಧಿಗೆ ಬ್ಯಾಂಕಿನ ಮೂಲಕ ಕೊಟ್ಟಿದ್ದರೆ ಪೂರಾ 20,000ಕ್ಕೂ ರಿಯಾಯಿತಿ. ತೆರಿಗೆಯಲ್ಲಿ 6,240 ರೂಪಾಯಿ ಉಳಿತಾಯ. ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಗೆ ಕೊಟ್ಟರೂ ಇದೇ ಲೆಕ್ಕ. ಮಾನ್ಯತೆ ಪಡೆದ ಒಂದು ಸಾಮಾನ್ಯ ಧರ್ಮಾರ್ಥ ಸಂಸ್ಥೆಗೆ ಕೊಟ್ಟಿದ್ದರೆ ಅರ್ಧಕ್ಕೆ ರಿಯಾಯಿತಿ, ಉಳಿತಾಯ 3,120. ಇಂಥ ಸಂಸ್ಥೆಗಳಿಗೆ ಕೊಟ್ಟ ದಾನಕ್ಕೆ ಒಟ್ಟು ಆದಾಯದ ಶೇಕಡಾ 10ರ ಮಿತಿಯೂ ಉಂಟು. ಇನ್ನು, ತಾವೇ ಲಾರಿ ಹಿಡಿದು ಅಥಣಿ ತಾಲೂಕಿನ ಸಪ್ತಸಾಗರಕ್ಕೋ ಕಾಗವಾಡದ ಜುಗೂಳಕ್ಕೋ ಸಾಮಾನು ಮುಟ್ಟಿಸಿ ಬಾಡಿಗೆ ಕೊಟ್ಟಿದ್ದರೆ? ಸೊನ್ನೆ.

“ಅಂಗಡಿ ಖಾತೆಯ ಬಾಡಿಗಿ ಖರ್ಚಿನ್ಯಾಗ ಬರದರ ಆತು” ಎಂದು ಕೆಲವರು ಉಪಾಯ ಹೇಳುತ್ತಾರೆ. ಅದು ಉಪಾಯವಲ್ಲ, ಅಪಾಯ. ವ್ಯಾಪಾರಕ್ಕಾಗಿಯೇ ಆದ ಖರ್ಚನ್ನು ಮಾತ್ರ ವ್ಯಾಪಾರದ ಲಾಭದಿಂದ ಕಳೆಯಬಹುದು. ದಾನದ ಬಾಡಿಗೆ ವ್ಯಾಪಾರದ ಖರ್ಚಲ್ಲ. ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ತೆರಿಗೆಯ ಜೊತೆ ಬಡ್ಡಿ, ದಂಡ ಎಲ್ಲವೂ ಬೀಳುತ್ತದೆ. ಅಂಗಡಿಯ ದಾಸ್ತಾನಿನಿಂದಲೇ ಹೊಸ ಚಾದರ ತೆಗೆದು ಕೊಟ್ಟ ಬಟ್ಟೆ ವ್ಯಾಪಾರಿಗೆ ಇನ್ನೊಂದು ಕಿರಿಕಿರಿ. ಪುಕ್ಕಟೆ ಕೊಟ್ಟ ಸರಕಿನ ಮೇಲೆ ಖರೀದಿಯ ವೇಳೆ ಕಟ್ಟಿದ ಜಿ.ಎಸ್.ಟಿ.ಯನ್ನು ಅವನು ವಜಾ ಮಾಡಿಕೊಳ್ಳುವಂತಿಲ್ಲ. ವಜಾ ಮಾಡಿಕೊಂಡಿದ್ದರೆ ಹಿಂದಕ್ಕೆ ಕಟ್ಟಬೇಕು.

ಯಾರಿಗೆ ತಟ್ಟುತ್ತದೆ, ಯಾರಿಗಿಲ್ಲ?

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಈ ಭಾಗದಲ್ಲಿ ದಾನ ಕೊಡುವವರಲ್ಲಿ ದೊಡ್ಡ ಪಾಲು ರೈತರದು. ಕಬ್ಬು ಬೆಳೆಯುವವರಿಗೆ ಒಕ್ಕಲುತನದ ಆದಾಯದ ಮೇಲೆ ಆದಾಯ ತೆರಿಗೆಯೇ ಇಲ್ಲ. ಅವರು ಟ್ರ್ಯಾಕ್ಟರ್ ಹೂಡಿ ಸಾಮಾನು ಸಾಗಿಸಿದರೆ ಕಳೆದುಕೊಳ್ಳುವ ರಿಯಾಯಿತಿ ಏನೂ ಇಲ್ಲ.

ಪಗಾರದವರ ಸಂಗತಿಯೂ ಬದಲಾಗಿದೆ. 2023–24ನೇ ಸಾಲಿನಿಂದ ಹೊಸ ತೆರಿಗೆ ಪದ್ಧತಿಯೇ ಮೊದಲ ಪದ್ಧತಿ. ಬೇಡವೆಂದು ಬರೆದುಕೊಟ್ಟರೆ ಮಾತ್ರ ಹಳೆಯದು. 2025–26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ತೆರಿಗೆ ಬೀಳುವುದಿಲ್ಲ. ಅದಕ್ಕೆ ಪ್ರತಿಯಾಗಿ ಆ ಪದ್ಧತಿಯಲ್ಲಿ ದಾನದ ರಿಯಾಯಿತಿ ಸಿಗುವುದಿಲ್ಲ, ಹಣವಾಗಿ ಕೊಟ್ಟರೂ ಅಷ್ಟೇ, ಸಾಮಾನಾಗಿ ಕೊಟ್ಟರೂ ಅಷ್ಟೇ. ಆದ್ದರಿಂದ ಶಾಲಾ ಮಾಸ್ತರರು, ಬ್ಯಾಂಕಿನ ಗುಮಾಸ್ತರು ದಾನ ಮಾಡುವ ಮುನ್ನ ತಾವು ಯಾವ ಪದ್ಧತಿಯಲ್ಲಿದ್ದೇವೆ ಎಂದು ಮೊದಲು ನೋಡಿಕೊಳ್ಳಬೇಕು.

ಹಾಗಾದರೆ ಉಳಿದವರು ಯಾರು? ಹಳೆ ಪದ್ಧತಿಯಲ್ಲಿಯೇ ಇರುವ ವೈದ್ಯರು, ವಕೀಲರು, ವ್ಯಾಪಾರಸ್ಥರು. ಹೊಸ ಪದ್ಧತಿಯ ಆಯ್ಕೆಯೇ ಇಲ್ಲದ ಪಾಲುದಾರಿಕೆ ಸಂಸ್ಥೆಗಳು. ನಿಪ್ಪಾಣಿಯ ತಂಬಾಕು ಪೇಟೆಯಲ್ಲಿ, ಅಥಣಿಯ ಚಪ್ಪಲಿ ವ್ಯಾಪಾರದಲ್ಲಿ, ಚಿಕ್ಕೋಡಿಯ ಬಜಾರಿನಲ್ಲಿ ನೆರೆಯ ಹೊತ್ತಿಗೆ ಲಾರಿ ತುಂಬುವ ಶಕ್ತಿ ಇರುವುದೂ ಇಂಥವರಿಗೇ.

ಒಂದು ಕೈ ಬಿಡುತ್ತದೆ, ಇನ್ನೊಂದು ಹಿಡಿಯುತ್ತದೆ

ಸರಕಾರಕ್ಕೆ ಪರಿಹಾರ ಸಾಮಗ್ರಿಯ ಸಾಗಾಟದ ಮಹತ್ವ ಗೊತ್ತಿಲ್ಲವೆಂದಲ್ಲ. ಚೆನ್ನಾಗಿ ಗೊತ್ತಿದೆ. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದಾಗಲೇ ಒಂದು ವಿನಾಯಿತಿ ಬರೆದಿಟ್ಟರು. ನೆರೆ, ಭೂಕಂಪದಂಥ ವಿಪತ್ತಿನ ಸಂತ್ರಸ್ತರಿಗೆ ಹೋಗುವ ಪರಿಹಾರ ಸಾಮಗ್ರಿಯನ್ನು ಸಾಗಾಟ ಕಂಪನಿ ಹೊತ್ತೊಯ್ದರೆ ಆ ಬಾಡಿಗೆಯ ಮೇಲೆ ಜಿ.ಎಸ್.ಟಿ. ಇಲ್ಲ. ಬಿಲ್ಟಿ ಬರೆಯದೆ ಬಾಡಿಗೆಗೆ ಓಡುವ ಸಾದಾ ಟೆಂಪೋದವನಿಗೆ ಮೊದಲೇ ಆ ತೆರಿಗೆ ಇಲ್ಲ. 2018ರ ಆಗಸ್ಟಿನಲ್ಲಿ ಕೇರಳ ಮುಳುಗಿದಾಗ ರೈಲ್ವೆ ಖಾತೆ ಪರಿಹಾರ ಸಾಮಾನನ್ನು ಪುಕ್ಕಟೆ ಸಾಗಿಸಿತು.

ರೈಲು ಇದ್ದಲ್ಲಿ ಅದೂ ಆಸರೆಯೇ. ಮಿರಜ–ಲೋಂಡಾ ಮಾರ್ಗದಲ್ಲಿ ರಾಯಬಾಗ, ಚಿಂಚಲಿ, ಕುಡಚಿ, ಉಗಾರ ಖುರ್ದ, ಶೇಡಬಾಳ ನಿಲ್ದಾಣಗಳಿವೆ. ಆದರೆ ನಿಪ್ಪಾಣಿಗೆ ರೈಲಿಲ್ಲ, ಅಥಣಿಗೆ ರೈಲಿಲ್ಲ. ಚಿಕ್ಕೋಡಿಗೆ ‘ಚಿಕ್ಕೋಡಿ ರೋಡ್’ ಎಂಬ ಹೆಸರಿನ ನಿಲ್ದಾಣ ಉಂಟು, ಊರು ಬೇರೆ ಕಡೆ ಉಂಟು. ನಿಲ್ದಾಣದಿಂದ ಹೊಳೆದಂಡೆಯ ಊರಿಗೆ ಮತ್ತೆ ಟೆಂಪೋ ಹಿಡಿಯಲೇಬೇಕು. ಸೇತುವೆ ಮುಳುಗಿದ್ದರೆ ಸುತ್ತುಬಳಸಿನ ದಾರಿ. ದಾರಿ ಬೆಳೆದಷ್ಟೂ ಡಿಝೆಲ್ ಬೆಳೆಯುತ್ತದೆ, ಬಾಡಿಗೆಯೂ ಬೆಳೆಯುತ್ತದೆ.

ಅಂದರೆ ಒಂದು ತೆರಿಗೆಯ ಕಾಯ್ದೆ “ಇದು ಪರಿಹಾರದ ಲಾರಿ, ಬಿಡಿ” ಎನ್ನುತ್ತದೆ. ಇನ್ನೊಂದು ತೆರಿಗೆಯ ಕಾಯ್ದೆ “ಯಾವ ಲಾರಿ? ನಮಗೆ ಕಾಣುವುದಿಲ್ಲ” ಎನ್ನುತ್ತದೆ. ಎರಡೂ ಕಾಯ್ದೆ ಮಾಡಿದ್ದು ಒಂದೇ ದಿಲ್ಲಿ.

ಅಮೆರಿಕೆಯಲ್ಲಿ ಹೇಗೆ?

ಕೆಲಸಕ್ಕೆಂದು ಅಮೆರಿಕೆಗೆ ಹೋದ ಕನ್ನಡಿಗರ ಮನೆಗಳಲ್ಲಿ ಈ ಲೆಕ್ಕ ಬೇರೆ. ಅಲ್ಲಿ ಮನೆಯ ಹಳೆಯ ಕುರ್ಚಿ, ಬಟ್ಟೆ, ಪಾತ್ರೆಯನ್ನು ಮಾನ್ಯತೆ ಪಡೆದ ಸಂಸ್ಥೆಗೆ ಕೊಟ್ಟು, ಹಳೆಯ ಸಾಮಾನಿಗೆ ಪೇಟೆಯಲ್ಲಿ ಸಿಗುವ ಬೆಲೆಯಷ್ಟನ್ನು ಆದಾಯದಿಂದ ಕಳೆಯಬಹುದು. ಧರ್ಮಸಂಸ್ಥೆಯ ಸೇವೆಗೆ ಸ್ವಂತ ಕಾರು ಓಡಿಸಿದರೆ ಮೈಲಿಗೆ 14 ಸೆಂಟಿನಂತೆ ಲೆಕ್ಕ ಹಾಕಬಹುದು. ಈ 14 ಸೆಂಟು 1998ರಿಂದ ಒಂದು ಸೆಂಟೂ ಏರಿಲ್ಲ ಎಂಬುದು ಬೇರೆ ಮಾತು. ಖರ್ಚುಗಳನ್ನು ಒಂದೊಂದಾಗಿ ಪಟ್ಟಿ ಮಾಡಿ ತೋರಿಸುವವರಿಗೆ ಮಾತ್ರ ಇದರ ಲಾಭ.

ಹಾಗೆಂದು ಅಲ್ಲಿ ಎಲ್ಲ ಸರಿಯಿತ್ತೆಂದಲ್ಲ. ಹರಕು ಅಂಗಿಗೂ ಹೊಸ ಅಂಗಿಯ ಬೆಲೆ ಬರೆದವರಿದ್ದರು. ಕೊನೆಗೆ 2006ರಲ್ಲಿ ಅಲ್ಲಿಯ ಸಂಸತ್ತು ಕಾಯ್ದೆ ಬಿಗಿ ಮಾಡಿ, ಒಳ್ಳೆಯ ಸ್ಥಿತಿಯಲ್ಲಿರುವ ಬಟ್ಟೆ, ಗೃಹಸಾಮಾನಿಗೆ ಮಾತ್ರ ರಿಯಾಯಿತಿ ಎಂದಿತು.

ಇದೇ ಭಯ ದಿಲ್ಲಿಯವರಿಗೂ ಇದೆ, ಅದು ಸುಳ್ಳು ಭಯವೂ ಅಲ್ಲ. ಅಜ್ಜಿ ಹೊಲಿದ ಕೌದಿಗೆ ಬೆಲೆ ಕಟ್ಟುವವರು ಯಾರು? ಮುರಿದ ಕಪಾಟಿಗೆ ಹತ್ತು ಸಾವಿರ ಬರೆದುಕೊಂಡರೆ ಕೇಳುವವರು ಯಾರು? ಸಾಮಾನಿಗೆ ರಿಯಾಯಿತಿ ಬೇಡ ಎನ್ನುವುದಕ್ಕೆ ಕಾರಣವಿದೆ, ಒಪ್ಪೋಣ.

ಆದರೆ ಲಾರಿ ಬಾಡಿಗೆ ಕೌದಿಯಂಥದ್ದಲ್ಲ. ಅದಕ್ಕೆ ಬಿಲ್ಟಿ ಇರುತ್ತದೆ, ಗಾಡಿ ನಂಬರ್ ಇರುತ್ತದೆ, ತಾರೀಖು ಇರುತ್ತದೆ. ಬ್ಯಾಂಕಿನ ಮೂಲಕ ಕೊಟ್ಟರೆ ಅದರ ಗುರುತೂ ಇರುತ್ತದೆ. ಸಾಮಾನು ಇಳಿಸಿಕೊಂಡ ಪರಿಹಾರ ಕೇಂದ್ರದ ಅಧಿಕಾರಿಯ ಸಹಿ ಹಾಕಿಸಬಹುದು. ಇದಕ್ಕಿಂತ ಹೆಚ್ಚಿನ ಪುರಾವೆ ಎಷ್ಟು ಖರ್ಚುಗಳಿಗೆ ಇರುತ್ತದೆ? ಸಾಮಾನಿನ ಬೆಲೆ ಕಟ್ಟಲಾಗದು ಎಂಬ ಕಾರಣಕ್ಕೆ ಬೆಲೆ ಗೊತ್ತಿರುವ ಬಾಡಿಗೆಯನ್ನೂ ಅದರ ಜೊತೆ ಹೊಳೆಗೆ ಹಾಕುವುದು ಸರಿಯಲ್ಲ.

ಸದ್ಯಕ್ಕೆ ಮಾಡಬೇಕಾದದ್ದೇನು?

ಕಾಯ್ದೆ ಬದಲಾಗುವವರೆಗೆ ಹೊಳೆ ಕಾಯುವುದಿಲ್ಲ. ಆದ್ದರಿಂದ ಕೊಡುವವರು ಲಾರಿ ಹಿಡಿಯುವ ಮೊದಲೇ ನಾಲ್ಕು ಮಾತು ತಿಳಿದಿರುವುದು ಒಳ್ಳೆಯದು.

ಮೊದಲನೆಯದು, ಬಾಡಿಗೆಯನ್ನು ನೇರವಾಗಿ ಲಾರಿಯವನಿಗೆ ಕೊಡುವ ಬದಲು, ಮಾನ್ಯತೆ ಇರುವ ಸಂಸ್ಥೆಗೆ ಬ್ಯಾಂಕಿನ ಮೂಲಕ ದಾನವಾಗಿ ಕೊಡುವುದು. ಆ ಸಂಸ್ಥೆ ತನ್ನ ಹೆಸರಿನಲ್ಲಿ ಲಾರಿ ಹಿಡಿದು, ತನ್ನ ಖಾತೆಯಿಂದ ಬಾಡಿಗೆ ಕೊಡಲಿ. ಆಗ ದಾನಿಯದು ಹಣದ ದಾನ, ಸಂಸ್ಥೆಯದು ಪರಿಹಾರದ ಖರ್ಚು. ಎರಡೂ ಕಡೆ ಲೆಕ್ಕ ನೆಟ್ಟಗಿರುತ್ತದೆ. ದಾನ ನಿಜವಾಗಿ ಸಂಸ್ಥೆಯ ಕೈ ಸೇರಿ, ಅದರ ತೀರ್ಮಾನದಂತೆ ಖರ್ಚಾಗಬೇಕು. ಕಾಗದದ ಮೇಲಿನ ಆಟವಾಗಬಾರದು.

ಎರಡನೆಯದು, ಸಂಸ್ಥೆಯ ಮಾನ್ಯತೆಯ ಕಾಗದ ನೋಡುವುದು. ಹಿಂದೆ ಒಮ್ಮೆ ಪಡೆದ ಮಾನ್ಯತೆ ಸದಾಕಾಲಕ್ಕೆ ಎಂಬ ನಂಬಿಕೆ ಇತ್ತು. 2021ರಿಂದ ಅದು ಹೋಯಿತು. ಮಾನ್ಯತೆಗೆ ಅವಧಿ ಇದೆ, ನವೀಕರಿಸಬೇಕು. ಮಠವಿರಲಿ, ಟ್ರಸ್ಟ್ ಇರಲಿ, ತರುಣರ ಮಂಡಳಿ ಇರಲಿ, ಸಂಕೋಚಪಡದೆ ಕೇಳಬೇಕು. ಊರ ಮಂಡಳಿಗಳು ಬಹುಮಟ್ಟಿಗೆ ಇಂಥ ಮಾನ್ಯತೆ ಪಡೆದಿರುವುದಿಲ್ಲ. ಅವರ ಕೆಲಸ ದೊಡ್ಡದು, ಆದರೆ ಅವರ ಪಾವತಿ ತೆರಿಗೆಗೆ ನಡೆಯುವುದಿಲ್ಲ.

ಮೂರನೆಯದು, ಬರೀ ಪಾವತಿ ಸಾಲದು. 2021–22ನೇ ಸಾಲಿನಿಂದ ಸಂಸ್ಥೆಗಳು ಯಾರು ಎಷ್ಟು ಕೊಟ್ಟರೆಂದು ಖಾತೆಗೆ ಪಟ್ಟಿ ಕೊಟ್ಟು, ದಾನಿಗೆ ಪ್ರಮಾಣಪತ್ರ ತೆಗೆದುಕೊಡಬೇಕೆಂಬ ನಿಯಮ ಬಂದಿದೆ. ದಾನಿಯ ಪ್ಯಾನ್ ನಂಬರು ಅದರಲ್ಲಿ ಸರಿಯಾಗಿರಬೇಕು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಕೈಯಲ್ಲಿರುವ ಪಾವತಿ ಚಹಾ ಕಟ್ಟಲಿಕ್ಕೆ ಮಾತ್ರ ಉಪಯೋಗ. ಸಾಮಾನು ಕೊಟ್ಟು ಹಣದ ಪಾವತಿ ಬರೆಸಿಕೊಳ್ಳುವುದಂತೂ ಅಪರಾಧ. ಕೊಟ್ಟವನಿಗೂ ಕಷ್ಟ, ಬರೆದುಕೊಟ್ಟ ಸಂಸ್ಥೆಗೂ ಕಷ್ಟ.

ನಾಲ್ಕನೆಯದು ತೆರಿಗೆಯ ಮಾತಲ್ಲ, ವಿವೇಕದ ಮಾತು. ಕೆಲವೊಮ್ಮೆ ಲಾರಿಯೊಳಗಿನ ಸಾಮಾನಿಗಿಂತ ಲಾರಿಯ ಬಾಡಿಗೆಯೇ ಹೆಚ್ಚು ಬೀಳುತ್ತದೆ. ದೂರದ ಊರಿನಿಂದ ಹಳೆಯ ಬಟ್ಟೆ ಹೇರಿ ತರುವ ಬದಲು, ಅದೇ ರೊಕ್ಕದಲ್ಲಿ ಚಿಕ್ಕೋಡಿ ಬಜಾರಿನಲ್ಲೋ ಅಥಣಿ ಸಂತೆಯಲ್ಲೋ ಹೊಸ ಚಾದರ, ಸ್ಟೀಲಿನ ಬಾಂಡೆ, ತಾಡಪತ್ರಿ ಕೊಂಡರೆ ಬಾಡಿಗೆ ಉಳಿಯುತ್ತದೆ, ನೆರೆಯಿಂದ ನೊಂದ ಪೇಟೆಗೂ ನಾಲ್ಕು ಕಾಸು ಬೀಳುತ್ತದೆ. ಮನೆಯೆಲ್ಲ ನೀರುಪಾಲಾದ ತಾಯಿಗೆ ಬೇಕಾದದ್ದು ಇನ್ನೊಬ್ಬರ ಹರಕು ಸೀರೆಯಲ್ಲ, ಒಲೆಯ ಮೇಲಿಡಲು ಒಂದು ಬೋಗುಣಿ. ಕೇಳಿ ಕೊಡುವುದು ಉತ್ತಮ ದಾನ.

ಸಂಬಂಧಪಟ್ಟವರು ಗಮನಿಸುವರೇ?

ಕೇಳುವುದು ಬಹಳ ದೊಡ್ಡದಲ್ಲ. ಸರಕಾರವೇ ನೆರೆಪೀಡಿತವೆಂದು ಘೋಷಿಸಿದ ತಾಲೂಕುಗಳಿಗೆ, ಘೋಷಿಸಿದ ಅವಧಿಯಲ್ಲಿ, ಬಿಲ್ಟಿ ಸಮೇತ ಪರಿಹಾರ ಕೇಂದ್ರಕ್ಕೆ ಮುಟ್ಟಿದ ಸಾಮಾನಿನ ಸಾಗಾಟ ವೆಚ್ಚ, ಬ್ಯಾಂಕಿನ ಮೂಲಕ ಕೊಟ್ಟದ್ದಾಗಿದ್ದರೆ ಅದನ್ನು ಹಣದ ದಾನವೆಂದೇ ಎಣಿಸಬೇಕು. ಮೋಸದ ಭಯವಿದ್ದರೆ ಕಿಲೋಮೀಟರಿಗೆ ಇಷ್ಟೆಂದು ದರ ಕಟ್ಟಲಿ. ಜಿ.ಎಸ್.ಟಿ.ಯಲ್ಲಿ ಆಗಲೇ ಒಪ್ಪಿಕೊಂಡ ತತ್ತ್ವವನ್ನು ಆದಾಯ ತೆರಿಗೆಯಲ್ಲೂ ಒಪ್ಪಿಕೊಂಡರೆ ಸಾಕು.

ಚಿಕ್ಕೋಡಿ ಲೋಕಸಭಾ ಕ್ಷೇತ್ರದ ಸಂಸದರು ಯಾವ ಪಕ್ಷದವರೇ ಇರಲಿ, ಬಜೆಟ್ಟಿನ ಮುಂಚೆ ಈ ಮಾತನ್ನು ದಿಲ್ಲಿಯಲ್ಲಿ ಎತ್ತಬೇಕು. ವ್ಯಾಪಾರಸ್ಥರ ಸಂಘಗಳು, ತೆರಿಗೆ ಸಲಹೆಗಾರರು ಅರ್ಜಿ ಬರೆದು ಕೊಡಬೇಕು. ಪ್ರತಿ ಜೂನಿನಲ್ಲಿ ಹೊಳೆದಂಡೆಯ ಸಭೆ ಕರೆಯುವ ಅಧಿಕಾರಿಗಳು ದೋಣಿ, ಗಂಜಿ ಕೇಂದ್ರದ ಪಟ್ಟಿಯ ಜೊತೆಗೆ ತಾಲೂಕಿನಲ್ಲಿ ಮಾನ್ಯತೆ ಇರುವ ಸಂಸ್ಥೆಗಳ ಪಟ್ಟಿಯನ್ನೂ ಹಲಗೆಗೆ ಅಂಟಿಸಿದರೆ ಅರ್ಧ ತೊಂದರೆ ಅಲ್ಲಿಯೇ ತೀರುತ್ತದೆ.

ಹೊಳೆಗೆ ಸುರಿದರೂ ಅಳೆದು ಸುರಿ ಎಂದರು ಹಿರಿಯರು. ಜನ ಅಳೆದೇ ಸುರಿಯುತ್ತಿದ್ದಾರೆ, ಬಿಲ್ಟಿ, ಪಾವತಿ ಎಲ್ಲ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಅಳತೆಯ ಕೋಲನ್ನು ಬಚ್ಚಿಟ್ಟವರು ದಿಲ್ಲಿಯಲ್ಲಿದ್ದಾರೆ. ಕೃಷ್ಣೆ ಮತ್ತೊಮ್ಮೆ ದಂಡೆ ಮೀರುವ ಮುನ್ನ ಅದನ್ನು ಹೊರಗೆ ತೆಗೆಯುವರೇ?